ಹಾಲ್ಟನ್ ಶಾಲೆಗೆ ಎಂಥ ಸ್ಮಾರಕ?

ಬ್ರಿಟನ್ನಿನ ರಕ್ಷಣಾ ಸಚಿವಾಲಯವು ತಾನು ಬಿಟ್ಟುಕೊಡಲಿರುವ 56 ಸೇನಾ ನೆಲೆಗಳ ಪಟ್ಟಿಯೊಂದನ್ನು 2016ರ ನವೆಂಬರ್‌ನಲ್ಲಿ ಪ್ರಕಟಿಸಿತು. ಲಂಡನ್ನಿನ ವಾಯವ್ಯಕ್ಕೆ, ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿರುವ ಹಾಲ್ಟನ್ ವಾಯುನೆಲೆ ಆ ಪಟ್ಟಿಯಲ್ಲಿತ್ತು. 2022ರೊಳಗೆ ಅದನ್ನು ಮುಚ್ಚುವುದೆಂದು ಮೊದಲು ಹೇಳಲಾಗಿತ್ತು. ಆ ಗಡುವು ಅನಂತರ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಯಿತು. ಅಲ್ಲಿನ ಸ್ಥಳೀಯ ಆಡಳಿತವು 2021ರಲ್ಲಿ ಅಂಗೀಕರಿಸಿದ ಅಭಿವೃದ್ಧಿ ಯೋಜನೆಯು ಆ ನೆಲದಲ್ಲಿ ಸುಮಾರು ಒಂದು ಸಾವಿರ ಮನೆಗಳಿಗೆ ಅವಕಾಶ ಕಲ್ಪಿಸಿದೆ. ರಾಜಧಾನಿಗೆ ಒಂದೂವರೆ ಗಂಟೆಯ ಹಾದಿಯಲ್ಲಿರುವ, ಬೀಚ್ ಮರಗಳ ಗುಡ್ಡಗಳಿಗೆ ಒತ್ತಿಕೊಂಡಿರುವ ಇಂಥ ಭೂಮಿಗೆ ಗಿರಾಕಿಗಳ ಕೊರತೆಯಾಗದು.

ಸೇನಾ ನೆಲೆಯೊಂದು ಮುಚ್ಚುವುದು, ಅಲ್ಲಿ ಮನೆಗಳೇಳುವುದು ದೊಡ್ಡ ಸುದ್ದಿಯಲ್ಲ. ಆದರೆ ಹಾಲ್ಟನ್ ಬರಿಯ ನೆಲೆಯಾಗಿರಲಿಲ್ಲ. 1920ರ ದಶಕದ ಆರಂಭದಿಂದ 1993ರವರೆಗೆ ಅಲ್ಲಿ ಬ್ರಿಟಿಷ್ ವಾಯುಪಡೆಯ ಅಪ್ರೆಂಟಿಸ್ ಶಾಲೆ ನಡೆಯಿತು. ಹದಿನೈದು, ಹದಿನಾರು ವರ್ಷದ ಹುಡುಗರು ಸೇರಿ ಮೂರು ವರ್ಷ ಕಲಿತು ವಿಮಾನದ ಎಂಜಿನ್, ಹಂದರ, ವಿದ್ಯುತ್ ಉಪಕರಣ, ಆಯುಧಗಳನ್ನು ಸುಸ್ಥಿತಿಯಲ್ಲಿಡುವ ಕುಶಲಕರ್ಮಿಗಳಾಗಿ ಹೊರಬರುತ್ತಿದ್ದರು. ಹೀಗೆ ಕಲಿತವರ ಸಂಖ್ಯೆ ಸುಮಾರು 40 ಸಾವಿರ. (ನಮ್ಮ ಸರ್ಕಾರಿ ಕನ್ನಡದಲ್ಲಿ ಅಪ್ರೆಂಟಿಸ್‌ಗೆ ‘ಶಿಶಿಕ್ಷು’ ಎಂಬ ಪದವಿದೆ. ಅಧಿಸೂಚನೆಗಳ ಹೊರಗೆ ಅದನ್ನು ಯಾರೂ ಬಳಸಿದ್ದು ನನಗೆ ಕೇಳಿಬಂದಿಲ್ಲವಾದ್ದರಿಂದ ಇಲ್ಲಿ ಆ ಸಾಹಸ ಮಾಡುವುದಿಲ್ಲ.) ಈ ಶಾಲೆಯ ಸ್ಮಾರಕ ಎಲ್ಲಿರಬೇಕು, ಹೇಗಿರಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಈಗ ಎದುರಾಗಿದೆ. ಯುದ್ಧದಲ್ಲಿ ಮಡಿದವರಿಗೆ ಸ್ಮಾರಕ ಕಟ್ಟುವ ವಿಧಾನ ಎಲ್ಲ ದೇಶಗಳಿಗೂ ಗೊತ್ತಿದೆ. ಶಾಲೆಯೊಂದಕ್ಕೆ, ಅದೂ ಕಸುಬು ಕಲಿಸಿದ ಸೇನಾ ಶಾಲೆಯೊಂದಕ್ಕೆ, ಸ್ಮಾರಕ ಕಟ್ಟುವುದು ಹೇಗೆಂಬುದು ಯಾವ ದೇಶಕ್ಕೂ ಸರಿಯಾಗಿ ತಿಳಿದಂತಿಲ್ಲ.

ಹಾಲ್ಟನ್ನಿನ ಕಥೆ ಒಬ್ಬ ಸಿರಿವಂತನ ತೋಟದಿಂದ ಆರಂಭವಾಗುತ್ತದೆ. ಬ್ಯಾಂಕಿಂಗ್ ಮನೆತನದ ಆಲ್ಫ್ರೆಡ್ ಡಿ ರಾತ್ಸ್‌ಚೈಲ್ಡ್ 1880ರ ದಶಕದ ಆದಿಯಲ್ಲಿ ಅಲ್ಲಿ ಫ್ರೆಂಚ್ ಶೈಲಿಯ ಭವನವೊಂದನ್ನು ಕಟ್ಟಿಸಿದ. ಮೊದಲ ಮಹಾಯುದ್ಧ ಬಂದಾಗ ತನ್ನ ಎಸ್ಟೇಟನ್ನು ಸೇನೆಯ ತರಬೇತಿಗೆ ಒಪ್ಪಿಸಿದ. ಅಲ್ಲಿನ ಬೀಚ್ ಮರಗಳು ಉರುಳಿ ಫ್ರಾನ್ಸಿನ ಕಂದಕಗಳ ಆಸರೆಗಂಬಗಳಾದವು. 1918ರ ಆರಂಭದಲ್ಲಿ ಆತ ತೀರಿಕೊಂಡ ಮೇಲೆ ಉತ್ತರಾಧಿಕಾರಿಯಿಂದ ಸರ್ಕಾರವು ಇಡೀ ಆಸ್ತಿಯನ್ನು ಒಂದು ಲಕ್ಷ ಪೌಂಡುಗಳಿಗೆ ತುಸು ಮೇಲ್ಪಟ್ಟ ಬೆಲೆಗೆ ಕೊಂಡಿತು. ಭವನ ಅಧಿಕಾರಿಗಳ ಭೋಜನಗೃಹವಾಯಿತು. ಇಂದು ಅದು ಕಾನೂನಿನ ರಕ್ಷಣೆ ಪಡೆದ ಪಾರಂಪರಿಕ ಕಟ್ಟಡ. ಮಾರಾಟವಾದರೂ ಕೆಡವುವುದು ಸುಲಭವಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಹಾಲ್ಟನ್ನಿನಲ್ಲಿ ನಿಶ್ಚಯವಾಗಿ ಉಳಿಯುವುದು ರಾತ್ಸ್‌ಚೈಲ್ಡನ ಅರಮನೆ. ಹುಡುಗರು ಅರ ಹಿಡಿದು ಲೋಹ ಉಜ್ಜಿದ ಕಾರ್ಯಾಗಾರಗಳಿಗೆ ಅಂಥ ಭರವಸೆಯಿಲ್ಲ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಅಸ್ತಿತ್ವವೇ ಅಲುಗಾಡುತ್ತಿತ್ತು. ಭೂಸೇನೆಯೂ ನೌಕಾಪಡೆಯೂ ಅದನ್ನು ತಮ್ಮೊಳಗೆ ಹಂಚಿಕೊಳ್ಳಲು ಕಾದಿದ್ದವು; ಹಣಕಾಸು ಇಲಾಖೆ ಖರ್ಚು ಕಡಿತದ ಕತ್ತಿ ಹಿಡಿದು ನಿಂತಿತ್ತು. ಮುಖ್ಯಸ್ಥ ಹ್ಯೂ ಟ್ರೆಂಚರ್ಡ್ 1919ರ ಕೊನೆಯಲ್ಲಿ ಒಂದು ಸಂಕ್ಷಿಪ್ತ ಯೋಜನಾಪತ್ರವನ್ನು ಮುಂದಿಟ್ಟ. ಇರುವ ಅಲ್ಪ ಹಣವನ್ನು ವಿಮಾನಗಳ ಸಂಖ್ಯೆ ಹೆಚ್ಚಿಸಲು ವ್ಯಯಿಸದೆ ಮನುಷ್ಯರ ತರಬೇತಿಗೆ ವ್ಯಯಿಸಬೇಕು ಎಂಬುದು ಅದರ ತಿರುಳು. ಅಧಿಕಾರಿಗಳಿಗೆ ಕ್ರಾನ್‌ವೆಲ್ ಕಾಲೇಜು, ಹಿರಿಯರಿಗೆ ಆ್ಯಂಡೊವರ್‌ನಲ್ಲಿ ಸಿಬ್ಬಂದಿ ಕಾಲೇಜು, ಕುಶಲಕರ್ಮಿಗಳಿಗೆ ಹಾಲ್ಟನ್. ಕಟ್ಟಡಗಳು ಸಿದ್ಧವಾಗಿರದ ಕಾರಣ ಮೊದಲ ತಂಡಗಳು 1920ರಿಂದ ಕ್ರಾನ್‌ವೆಲ್‌ನಲ್ಲೇ ಕಲಿತವು. 1922ರಲ್ಲಿ ಹಾಲ್ಟನ್ ಬಾಗಿಲು ತೆರೆಯಿತು. ಇಂದಿನ ಯೋಜನಾ ತಜ್ಞರು ‘ಮಾನವ ಬಂಡವಾಳ’ ಎನ್ನುವುದನ್ನು ಆ ಮಾತು ರೂಢಿಗೆ ಬಂದಿರದ ಕಾಲದಲ್ಲಿ, ಒಬ್ಬ ಒರಟು ಸೇನಾಧಿಕಾರಿ ಬಜೆಟ್ಟಿನ ಒತ್ತಡದಲ್ಲಿ ಮಾಡಿ ತೋರಿಸಿದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಪ್ರವೇಶ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ. ಆಗ ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣ 14ನೆಯ ವಯಸ್ಸಿಗೆ ಮುಗಿಯುತ್ತಿತ್ತು. ಅದರಾಚೆಗಿನ ಪ್ರೌಢಶಿಕ್ಷಣ ಬಹುತೇಕ ಕುಟುಂಬಗಳಿಗೆ ಎಟುಕುತ್ತಿರಲಿಲ್ಲ. ಗುಮಾಸ್ತರ, ಸಣ್ಣ ಅಂಗಡಿಕಾರರ, ಕಾರ್ಮಿಕರ ಬುದ್ಧಿವಂತ ಮಕ್ಕಳಿಗೆ ಹಾಲ್ಟನ್ ಒಂದು ಬಾಗಿಲಾಯಿತು. ವಾರದ ದಿನಗಳು ಕಾರ್ಯಾಗಾರಕ್ಕೂ ತರಗತಿಗೂ ಹಂಚಿಹೋಗುತ್ತಿದ್ದವು. ಲೋಹದ ತುಂಡೊಂದನ್ನು ಅರದಿಂದ ಉಜ್ಜಿ, ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಇನ್ನೊಂದಕ್ಕೆ ಕೂಡಿಸುವುದು ಕಾರ್ಯಾಗಾರದ ಪಾಠ. ಗಣಿತ, ಭೌತಶಾಸ್ತ್ರ, ನಕ್ಷೆ ತರಗತಿಯ ಪಾಠ. ಅಲ್ಲಿ ಪಾಠ ಹೇಳಿದವರಲ್ಲಿ ಎ. ಸಿ. ಕರ್ಮೋಡ್ ಒಬ್ಬರು. ಅವರ ‘ಮೆಕಾನಿಕ್ಸ್ ಆಫ್ ಫ್ಲೈಟ್’ ಪುಸ್ತಕವನ್ನು ನಮ್ಮಲ್ಲಿ ವಿಮಾನ ನಿರ್ವಹಣೆಯ ಪರೀಕ್ಷೆಗೆ ಕೂತವರು ಬಲ್ಲರು; ಬೆಂಗಳೂರಿನ ತಾಂತ್ರಿಕ ಗ್ರಂಥಾಲಯಗಳಲ್ಲಿ ಅದರ ಪ್ರತಿಗಳಿಗೆ ಬರವಿಲ್ಲ. ಹಾರಾಟದ ಶಾಸ್ತ್ರವನ್ನು ಹದಿನಾರರ ಹುಡುಗನಿಗೂ ತಿಳಿಯುವಂತೆ ಹೇಳುವ ಆ ಪುಸ್ತಕದ ಗುಣ ಹಾಲ್ಟನ್ನಿನಂಥ ತರಗತಿಗಳಲ್ಲಿ ಪಳಗಿದ್ದೆಂದು ಓದಿದವರಿಗೆ ಅನ್ನಿಸದಿರದು. ಎಡತೋಳಿನ ಮೇಲೆ ಚಕ್ರದೊಳಗಿನ ನಾಲ್ಕು ಅಲಗಿನ ಪ್ರೊಪೆಲರ್‌ನ ಹಿತ್ತಾಳೆ ಬಿಲ್ಲೆ ಧರಿಸುತ್ತಿದ್ದ ಈ ಹುಡುಗರನ್ನು ವಾಯುಪಡೆಯ ಹಳಬರು ‘ಬ್ರ್ಯಾಟ್’, ಅಂದರೆ ತುಂಟರು, ಎಂದು ಕರೆದರು. ಅಣಕದ ಆ ಹೆಸರನ್ನು ಅವರು ಮುಂದೆ ಬಿರುದಿನಂತೆ ಉಳಿಸಿಕೊಂಡರು.

ಈ ಪದ್ಧತಿಯಿಂದ ಮೇಲೆ ಬಂದವರ ಪೈಕಿ ಜಗತ್ತಿಗೆ ಹೆಚ್ಚು ಪರಿಚಿತನಾದವನು ಫ್ರಾಂಕ್ ವಿಟಲ್. 1923ರ ಜನವರಿಯಲ್ಲಿ ಆತ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹಾಲ್ಟನ್ನಿಗೆ ಹೋದ. ಎತ್ತರ ಐದೇ ಅಡಿ, ಎದೆ ಕಿರಿದು ಎಂಬ ಕಾರಣಕ್ಕೆ ವೈದ್ಯಕೀಯ ತಪಾಸಣೆಯಲ್ಲಿ ತಿರಸ್ಕೃತನಾದ. ವ್ಯಾಯಾಮ ಮಾಡಿ ಮೈ ಬೆಳೆಸಿಕೊಂಡು ಮತ್ತೆ ಅರ್ಜಿ ಹಾಕಿ ಅದೇ ವರ್ಷ ಕ್ರಾನ್‌ವೆಲ್‌ನ ಅಪ್ರೆಂಟಿಸ್ ವಿಭಾಗಕ್ಕೆ ಸೇರಿದ. ಪ್ರತಿ ತಂಡದ ಬೆರಳೆಣಿಕೆಯಷ್ಟು ಹುಡುಗರಿಗೆ ಅಧಿಕಾರಿ ತರಬೇತಿಗೆ ಬಡ್ತಿ ಕೊಡುವ ನಿಯಮದಡಿ 1926ರಲ್ಲಿ ಕೆಡೆಟ್ ಆದ. 1930ರಲ್ಲಿ ಜೆಟ್ ಎಂಜಿನ್ನಿನ ಪೇಟೆಂಟಿಗೆ ಅರ್ಜಿ ಹಾಕಿದ. ಐದು ವರ್ಷಗಳ ಬಳಿಕ ಪೇಟೆಂಟ್ ನವೀಕರಿಸಲು ಬೇಕಾದ ಐದು ಪೌಂಡು ಅವನಲ್ಲಿರಲಿಲ್ಲ, ಸರ್ಕಾರವೂ ಕೊಡಲಿಲ್ಲ, ಪೇಟೆಂಟ್ ರದ್ದಾಯಿತು. ಆದರೂ 1941ರ ಮೇ 15ರಂದು ಅವನ ಎಂಜಿನ್ ಹೊತ್ತ ವಿಮಾನ ಹಾರಿತು. ಹುಡುಗನೊಬ್ಬನ ಶಿಕ್ಷಣಕ್ಕೆ ಧಾರಾಳವಾಗಿ ವೆಚ್ಚ ಮಾಡಿದ ಸರ್ಕಾರವೇ ಅವನ ಕಲ್ಪನೆಗೆ ಐದು ಪೌಂಡು ಕೊಡಲು ಹಿಂಜರಿದುದು ಖಜಾನೆಯ ಮನೋಧರ್ಮವನ್ನು ಬಲ್ಲ ನನ್ನಂಥವರಿಗೆ ಹೊಸದೆನಿಸದು: ಮೊದಲನೆಯದಕ್ಕೆ ಲೆಕ್ಕಶೀರ್ಷಿಕೆಯಿತ್ತು, ಎರಡನೆಯದಕ್ಕೆ ಇರಲಿಲ್ಲ.

ಮುಂದೆ 1982ರಲ್ಲಿ ವಾಯುಪಡೆಯ ಮುಖ್ಯಸ್ಥರಾದ ಕೀತ್ ವಿಲಿಯಮ್ಸನ್ ಕೂಡ ಹಾಲ್ಟನ್ನಿನ ಅಪ್ರೆಂಟಿಸ್ ಆಗಿದ್ದವರೇ. ಇಂಥ ಹೆಸರುಗಳು ಸ್ಮಾರಕದ ಕಲ್ಲಿಗೆ ತಾವಾಗಿಯೇ ಏರುತ್ತವೆ. ನನ್ನ ಆತಂಕ ಇರುವುದು ಅಲ್ಲಿಯೇ. ಸಾರ್ಜೆಂಟ್ ಥಾಮಸ್ ಗ್ರೇಯ ಉದಾಹರಣೆ ನೋಡಿ. ಹದಿನೈದರ ಪ್ರಾಯದಲ್ಲಿ ಹಾಲ್ಟನ್ ಸೇರಿದ್ದ ಗ್ರೇ, 1940ರ ಮೇ 12ರಂದು ಬೆಲ್ಜಿಯಂನ ಆಲ್ಬರ್ಟ್ ಕಾಲುವೆಯ ಸೇತುವೆಯೊಂದರ ಮೇಲೆ ನಡೆದ ದಾಳಿಯಲ್ಲಿ ಮಡಿದ. ಆ ವಿಮಾನದಲ್ಲಿದ್ದವರು ಮೂವರು. ಪೈಲಟ್ ಡೊನಾಲ್ಡ್ ಗಾರ್ಲೆಂಡ್ ಮತ್ತು ವೀಕ್ಷಕ ಗ್ರೇಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ವೈರ್‌ಲೆಸ್ ಯಂತ್ರದ ಹೊಣೆ ಹೊತ್ತು ಹಿಂದೆ ಕೂತಿದ್ದ, ಲಾರೆನ್ಸ್ ರೆನಾಲ್ಡ್ಸ್ ಎಂಬ ಕಿರಿಯನಿಗೆ ಏನೂ ದೊರೆಯಲಿಲ್ಲ. ನಿರ್ಧಾರ ಕೈಗೊಳ್ಳುವ ಸ್ಥಾನದಲ್ಲಿ ಅವನಿರಲಿಲ್ಲ ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಪ್ರಶಸ್ತಿಯ ನಿಯಮಗಳು ಹಾಗಿರಬಹುದು. ಸ್ಮಾರಕವೂ ಅದೇ ನಿಯಮವನ್ನು ಅನುಸರಿಸಿದರೆ ನಲವತ್ತು ಸಾವಿರ ಹುಡುಗರ ಪೈಕಿ ಕೆಲವು ಡಜನ್ ಮಂದಿಯಷ್ಟೇ ಉಳಿಯುತ್ತಾರೆ. ಹಾಲ್ಟನ್ನಿನ ನಿಜವಾದ ಸಾಧನೆ, ಯಾರ ಹೆಸರೂ ತಿಳಿಯದ ಹತ್ತಾರು ಸಾವಿರ ಮಂದಿ ರಾತ್ರಿಯ ಚಳಿಯಲ್ಲಿ ಎಂಜಿನ್ನಿನ ನಟ್ಟನ್ನು ಸರಿಯಾಗಿ ಬಿಗಿದದ್ದು. ವಿಮಾನ ಬೀಳಲಿಲ್ಲ ಎಂಬ ಸಂಗತಿಗೆ ಯಾರೂ ಪದಕ ಕೊಡುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಶಾಲೆ ಇನ್ನೊಂದು ಕಾರಣಕ್ಕೆ ಮುಖ್ಯ. ಆ್ಯಡಂ ಸ್ಮಿತ್ 1776ರಲ್ಲೇ ದೀರ್ಘ ಅಪ್ರೆಂಟಿಸ್ ಪದ್ಧತಿಯನ್ನು ಟೀಕಿಸಿದ್ದ. ಗಡಿಯಾರ ತಯಾರಿಕೆಯಂಥ ನವುರಾದ ಕಸುಬಿಗೂ ಅಷ್ಟು ವರ್ಷ ಬೇಕಿಲ್ಲ, ಅದು ಕಸುಬಿನ ಸಂಘಗಳು ಸ್ಪರ್ಧೆಯನ್ನು ತಡೆಯಲು ಹೂಡಿದ ತಂತ್ರ ಎಂಬುದು ಅವನ ವಾದ. ಏಳು ವರ್ಷ ಯಜಮಾನನ ಮನೆಯ ನೀರು ಹೊತ್ತು ಕೊನೆಗೆ ಕಸುಬು ಕಲಿಯುತ್ತಿದ್ದ ಕಾಲಕ್ಕೆ ಆ ಟೀಕೆ ಸಲ್ಲುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಗ್ಯಾರಿ ಬೆಕರ್ 1964ರ ತನ್ನ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಬೇರೆ: ಎಲ್ಲೆಡೆ ಬೆಲೆ ಬರುವ ಕೌಶಲವನ್ನು ಉದ್ಯೋಗದಾತ ತನ್ನ ಖರ್ಚಿನಲ್ಲಿ ಏಕೆ ಕಲಿಸುತ್ತಾನೆ? ಕಲಿತವನು ಮರುದಿನವೇ ಹೆಚ್ಚು ಸಂಬಳಕ್ಕೆ ಪಕ್ಕದ ಕಾರ್ಖಾನೆಗೆ ಹೋದರೆ ಹೂಡಿದ ಹಣ ಹೋದಂತೆಯೇ. ಆದ್ದರಿಂದಲೇ ಖಾಸಗಿ ಉದ್ಯಮ ತರಬೇತಿಯ ವಿಷಯದಲ್ಲಿ ಸದಾ ಜಿಪುಣ. ಹಾಲ್ಟನ್ ಇದಕ್ಕೆ ಒಪ್ಪಂದದ ಮೂಲಕ ಉತ್ತರ ಕಂಡುಕೊಂಡಿತು. ಮೂರು ವರ್ಷ ಪೂರ್ಣ ವೆಚ್ಚದಲ್ಲಿ ಕಲಿಸುತ್ತೇವೆ. ಪ್ರತಿಯಾಗಿ ಹದಿನೆಂಟು ತುಂಬಿದ ದಿನದಿಂದ ಎಣಿಸಿ ಹನ್ನೆರಡು ವರ್ಷ ಸೇವೆ ಸಲ್ಲಿಸಬೇಕು. ಮೂವತ್ತರ ಹರಯದಲ್ಲಿ ಹೊರಬಂದವರನ್ನು ನಾಗರಿಕ ವಿಮಾನಯಾನವೂ ಎಂಜಿನ್ ಕಾರ್ಖಾನೆಗಳೂ ಸ್ವಾಗತಿಸಿದವು. ಹೂಡಿದ ಬಂಡವಾಳ ಮೊದಲು ಸೇನೆಗೆ, ಆಮೇಲೆ ಸಮಾಜಕ್ಕೆ ಮರಳಿತು.

ಸ್ಮಾರಕ ನೆನೆಯಬೇಕಾದದ್ದು ಈ ಒಪ್ಪಂದವನ್ನು ಎಂಬುದು ನನ್ನ ಅಭಿಪ್ರಾಯ. ಪ್ರಭುತ್ವವೊಂದು ಬಡವರ ಮಗನಿಗೆ ಪೂರ್ಣ ಶಿಕ್ಷಣ ಕೊಡುವುದಾಗಿ ಬರೆದುಕೊಟ್ಟಿತು, ಆತ ತನ್ನ ಯೌವನದ ಹನ್ನೆರಡು ವರ್ಷ ಕೊಡುವುದಾಗಿ ಬರೆದುಕೊಟ್ಟ, ಎರಡೂ ಕಡೆಯವರು ಬಹುಮಟ್ಟಿಗೆ ಮಾತು ಉಳಿಸಿಕೊಂಡರು. ಸರ್ಕಾರಗಳ ಚರಿತ್ರೆಯಲ್ಲಿ ಇದು ದಿನವೂ ನಡೆಯುವ ಸಂಗತಿಯಲ್ಲ.

ಆ ಒಪ್ಪಂದದಲ್ಲಿ ಮುಜುಗರದ ಭಾಗವೂ ಇದೆ. ಹದಿನೈದರ ಹುಡುಗ ತನ್ನ ಮುಂದಿನ ಹದಿನೈದು ವರ್ಷಗಳಿಗೆ ಒಪ್ಪಿಗೆಯ ಸಹಿ ಹಾಕಲು ಸಮರ್ಥನೇ? ತಂದೆಯ ಸಹಿ ಅದಕ್ಕೆ ಸಾಕೇ? 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಐಚ್ಛಿಕ ಒಡಂಬಡಿಕೆಯು ಹದಿನೆಂಟು ತುಂಬದವರನ್ನು ನೇರ ಯುದ್ಧಕ್ಕೆ ಬಳಸಬಾರದೆನ್ನುತ್ತದೆ. ಬ್ರಿಟನ್ 2003ರಲ್ಲಿ ಅದನ್ನು ಸ್ಥಿರೀಕರಿಸಿದ ಬಳಿಕವೂ ಹದಿನಾರರವರನ್ನು ಸೇನೆಗೆ ಸೇರಿಸಿಕೊಳ್ಳುವ ಪದ್ಧತಿಯನ್ನು ಕೈಬಿಟ್ಟಿಲ್ಲ. ಭೂಸೇನೆಯ ಅಪ್ರೆಂಟಿಸ್ ಶಾಲೆ 1947ರಿಂದ 1996ರವರೆಗೆ ನಡೆದ ಹ್ಯಾರೊಗೇಟ್‌ನ ಅದೇ ಆವರಣದಲ್ಲಿ 1998ರಿಂದ ಹದಿಹರೆಯದವರಿಗಾಗಿ ಸೇನಾ ಕಾಲೇಜು ನಡೆಯುತ್ತಿದೆ. ಅಪ್ರೆಂಟಿಸ್ ಶಾಲೆಗೆ ಮೂರು ವರ್ಷದ ಕಸುಬಿನ ಕಲಿಕೆಯ ಸಮರ್ಥನೆಯಿತ್ತು. ಕಸುಬು ತೆಳುವಾದಷ್ಟೂ ಆ ಸಮರ್ಥನೆಯೂ ತೆಳುವಾಗುತ್ತದೆ. ಹಾಲ್ಟನ್ನಿನ ಸ್ಮಾರಕವು ಬಾಲ್ಯದ ಈ ಪ್ರಶ್ನೆಯನ್ನು ಎತ್ತದೆ, ಶಿಸ್ತು ಮತ್ತು ಸೌಹಾರ್ದದ ಚಿತ್ರಗಳನ್ನಷ್ಟೇ ತೂಗುಹಾಕಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಇನ್ನೊಂದು ಅರ್ಧ ಸತ್ಯ ನಮಗೆ ಸಂಬಂಧಿಸಿದ್ದು. 1920ರ ದಶಕದ ಕೊನೆಯ ವೇಳೆಗೆ ಇರಾಕಿನಲ್ಲೂ ಅವಿಭಜಿತ ಭಾರತದ ವಾಯವ್ಯ ಗಡಿಯಲ್ಲೂ ಇದ್ದ ಬ್ರಿಟಿಷ್ ಸ್ಕ್ವಾಡ್ರನ್‌ಗಳ ನೆಲಸಿಬ್ಬಂದಿಯಲ್ಲಿ ಹಾಲ್ಟನ್ನಿನ ಹುಡುಗರಿದ್ದರು. ಪಡೆಗಳನ್ನು ನೆಲದ ಮೇಲೆ ನಡೆಸುವುದಕ್ಕಿಂತ ಹಳ್ಳಿಗಳ ಮೇಲೆ ಬಾಂಬು ಹಾಕುವುದು ಅಗ್ಗ ಎಂಬ ಲೆಕ್ಕಾಚಾರವೂ ಟ್ರೆಂಚರ್ಡನ ಪಡೆಯನ್ನು ಉಳಿಸಿತು. 1925ರಲ್ಲಿ ವಜೀರಿಸ್ತಾನದಲ್ಲಿ ವಾಯುಪಡೆ ಒಂಟಿಯಾಗಿ ನಡೆಸಿದ ಕಾರ್ಯಾಚರಣೆ ಇದಕ್ಕೆ ಸಾಕ್ಷಿ. ಅದೇ ವಾಯುಪಡೆಯ ಮಾದರಿಯಲ್ಲಿ 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾನೂನಿನ ಪುಟದ ಮೇಲೆ ಹುಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಕರಾಚಿಯ ಡ್ರಿಗ್ ರೋಡ್‌ನಲ್ಲಿ ಅದರ ಮೊದಲ ತುಕಡಿ ನಿಂತಿತು. ಅದರ ಕುಶಲಕರ್ಮಿಗಳಿಗೆ ಕೊಟ್ಟ ಹೆಸರು ‘ಹವಾಯಿ ಸಿಪಾಯಿ’. ಲಾಹೋರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತ ಹರ್ಜಿಂದರ್ ಸಿಂಗ್ ಅಂಥ ಸಿಪಾಯಿಯಾಗಿ ಸೇರಿ, ಸ್ವತಂತ್ರ ಭಾರತದಲ್ಲಿ ಏರ್ ವೈಸ್ ಮಾರ್ಷಲ್ ಆಗಿ, ನಿರ್ವಹಣಾ ಕಮಾಂಡಿನ ಮುಖ್ಯಸ್ಥರಾಗಿ ಕಾನ್ಪುರದಲ್ಲಿ ವಿಮಾನ ನಿರ್ಮಾಣಕ್ಕೆ ಕೈಹಾಕಿದರು. ಬ್ರಿಟಿಷ್ ಹುಡುಗನಿಗೆ ಪ್ರೌಢಶಾಲೆಯ ಪರೀಕ್ಷೆ ಸಾಕಾದ ಕೆಲಸಕ್ಕೆ ಭಾರತೀಯನೊಬ್ಬ ಎಂಜಿನಿಯರಿಂಗ್ ಓದಿಯೂ ಸಿಪಾಯಿಯ ದರ್ಜೆಯಲ್ಲಿ ಸೇರಬೇಕಾಯಿತು. ಹಾಲ್ಟನ್ ಸ್ವತಃ ಹೊರಗಿನವರಿಗೆ ಮುಚ್ಚಿದ ಶಾಲೆಯಾಗಿರಲಿಲ್ಲ: ಯುದ್ಧಕಾಲದಲ್ಲಿ ಪೋಲಿಷ್, ಜೆಕ್ ಹುಡುಗರೂ, ಆಮೇಲೆ ಪಾಕಿಸ್ತಾನ, ನ್ಯೂಜಿಲೆಂಡ್‌ಗಳಿಂದ ಬಂದವರೂ ಅಲ್ಲಿ ಕಲಿತರು. ಸ್ಮಾರಕದ ಭಾಷೆ ಇವರೆಲ್ಲರಿಗೂ ಅನ್ವಯಿಸುವಂತಿರಬೇಕು.

ಶಾಲೆ ಮುಚ್ಚಿದ್ದೇಕೆ ಎಂಬುದು ಹೆಚ್ಚು ವಿವರಣೆ ಬೇಡುವ ವಿಷಯವಲ್ಲ. ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸು 1947ರಲ್ಲಿ 15ಕ್ಕೆ, 1972ರಲ್ಲಿ 16ಕ್ಕೆ ಏರಿತು. ಹಿಂದೆ ಹಾಲ್ಟನ್ನಿಗೆ ಬರುತ್ತಿದ್ದ ಚುರುಕು ಹುಡುಗರು ಕಾಲೇಜಿನತ್ತ ಹೊರಟರು. ವಿಮಾನದ ಭಾಗಗಳನ್ನು ಬಿಚ್ಚಿ ಸರಿಪಡಿಸುವ ಕಾಲ ಹೋಗಿ ಇಡೀ ಪೆಟ್ಟಿಗೆಯನ್ನೇ ಬದಲಿಸುವ ಕಾಲ ಬಂತು. ಶೀತಲ ಸಮರ ಮುಗಿದು ಸೇನೆ ಕುಗ್ಗಿತು. 1993ರಲ್ಲಿ 155ನೆಯ ತಂಡದೊಂದಿಗೆ ಪದ್ಧತಿ ಕೊನೆಗೊಂಡಿತು, ತಾಂತ್ರಿಕ ಶಾಲೆ ಕಾಸ್‌ಫರ್ಡ್‌ಗೆ ಹೋಯಿತು.

ಸ್ಮಾರಕಗಳು ಈಗಾಗಲೇ ಇಲ್ಲವೆಂದಲ್ಲ. 1997ರಲ್ಲಿ ರಾಣಿ ಎಲಿಜಬೆತ್ ಹಾಲ್ಟನ್ನಿನಲ್ಲಿ ಅಪ್ರೆಂಟಿಸ್‌ಗಳ ಗೌರವಾರ್ಥ ಸ್ಮಾರಕವನ್ನು ಅನಾವರಣಗೊಳಿಸಿದರು. ಅಲ್ಲಿನ ಸೇಂಟ್ ಜಾರ್ಜ್ ಚರ್ಚಿನ ಕಿಟಕಿಗಳಲ್ಲಿ ಒಂದೊಂದು ತಂಡದವರೂ ತಮ್ಮ ಹೆಸರಿನ ಬಣ್ಣದ ಗಾಜು ಹಾಕಿಸಿದ್ದಾರೆ. ಟ್ರೆಂಚರ್ಡನ ಹೆಸರಿನ ವಸ್ತುಸಂಗ್ರಹಾಲಯವಿದೆ. ಸ್ಟಾಫರ್ಡ್‌ಶೈರ್‌ನ ರಾಷ್ಟ್ರೀಯ ಸ್ಮಾರಕ ವನದಲ್ಲಿ ಹಾಲ್ಟನ್ನಿನವರ ತೋಪೂ ಇದೆ. ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವೆಲ್ಲ ಮಾರಾಟವಾಗಲಿರುವ ನೆಲದ ಮೇಲಿವೆ. ಕಲ್ಲನ್ನು ಕಿತ್ತು ಬೇರೆಡೆ ನೆಡಬಹುದು, ಗಾಜನ್ನು ಬಿಚ್ಚಿ ಸಾಗಿಸಬಹುದು. ಆದರೆ ಸಾಗಿಸಿದ ಗಾಜು ಯಾವ ಗೋಡೆಯ ಬೆಳಕಿಗಾಗಿ ಮಾಡಿದ್ದೆಂಬುದನ್ನು ಕಳೆದುಕೊಳ್ಳುತ್ತದೆ. ಅರ್ಬರ್‌ಫೀಲ್ಡ್‌ನ ಉದಾಹರಣೆ ಕಣ್ಣೆದುರಿಗಿದೆ. 1939ರಲ್ಲಿ ಭೂಸೇನೆಯ ಬಾಲಕರ ತಾಂತ್ರಿಕ ಶಾಲೆ ಅಲ್ಲಿ ಆರಂಭವಾಗಿತ್ತು. ದಶಕಗಳ ಬಳಿಕ 2015ರಲ್ಲಿ ತರಬೇತಿ ಲೈನಮ್‌ಗೆ ಸ್ಥಳಾಂತರವಾಯಿತು, ವಸ್ತುಸಂಗ್ರಹಾಲಯವೂ ಹಿಂದೆಯೇ ಹೋಯಿತು, ಹಳೆಯ ದಂಡುಪ್ರದೇಶದಲ್ಲಿ ಹೊಸ ಊರೇ ಎದ್ದಿತು. ಆ ಮನೆಗಳಿಗೆ ಬಂದ ಹೊಸ ಕುಟುಂಬಗಳಿಗೆ ತಮ್ಮ ಮಕ್ಕಳು ಆಡುವ ಮೈದಾನದಲ್ಲಿ ಹಿಂದೆ ಯಾರು ಕವಾಯತು ಮಾಡಿದರೆಂಬುದು ತಿಳಿಯಬೇಕಾದರೆ ಕಲ್ಲಿನ ಮೇಲಿನ ಎರಡು ಸಾಲು ಸಾಲದು.

ಹಳೆಯ ವಿದ್ಯಾರ್ಥಿಗಳ ಸಂಘಗಳು ಸ್ಮಾರಕಕ್ಕಾಗಿ ಹಣ ಕೂಡಿಸುತ್ತವೆ. ಸಹಜವಾಗಿಯೇ ತಮ್ಮ ನೆನಪಿಗೆ ತಕ್ಕ ರೂಪವನ್ನು ಅದಕ್ಕೆ ಬಯಸುತ್ತವೆ. 1993ರಲ್ಲಿ ಹೊರಬಂದ ಕೊನೆಯ ತಂಡದವರು ಕೂಡ ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಇನ್ನು ನಾಲ್ಕು ದಶಕಗಳಲ್ಲಿ ತೋಳಿನ ಮೇಲೆ ಆ ಚಕ್ರ ಧರಿಸಿದ್ದವರು ಯಾರೂ ಉಳಿದಿರಲಾರರು. ಆದುದರಿಂದ ಸ್ಮಾರಕದ ಓದುಗರು ಅವರಲ್ಲ. ಹಾಲ್ಟನ್ ಎಂದರೇನೆಂದು ಕೇಳಿಯೇ ಇರದ, ಪಕ್ಕದ ಮನೆಯಲ್ಲಿ ಹುಟ್ಟಲಿರುವ ಮಗು. ಅದಕ್ಕೆ ತೋರಿಸಬೇಕಾದದ್ದು ಹುಡುಗನೊಬ್ಬ ಮಾಡಿದ ಲೋಹದ ಪರೀಕ್ಷಾ ತುಂಡು, ಗುರು ಅದರ ಮೇಲೆ ಹಾಕಿದ ಅಂಕ, ತಂದೆ ಸಹಿ ಹಾಕಿದ ಒಪ್ಪಂದಪತ್ರ, ಪ್ರವೇಶ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ, ಅರ್ಧದಲ್ಲೇ ಬಿಟ್ಟುಹೋದವರ ಪಟ್ಟಿ. ಒಂದು ಕಾರ್ಯಾಗಾರವನ್ನು ಬೆಂಚುಗಳ ಸಮೇತ ಉಳಿಸಿಕೊಂಡು, ಸುತ್ತಲಿನ ಶಾಲೆಗಳ ಮಕ್ಕಳು ವರ್ಷಕ್ಕೆ ಕೆಲವು ದಿನ ಅಲ್ಲಿ ಅರ ಹಿಡಿಯುವಂತಾದರೆ, ಎಷ್ಟೇ ಎತ್ತರದ ಸ್ತಂಭಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಖರ್ಚಿನ ಮಾತಿಗೆ ಬರೋಣ. ಸೇವೆಯಲ್ಲಿದ್ದಾಗ ನಾನು ಕೂತ ಹಲವು ಸ್ಮಾರಕ ಸಮಿತಿಗಳಲ್ಲಿ ಅಂದಾಜುಪಟ್ಟಿ ಯಾವಾಗಲೂ ಒಂದೇ ಬಗೆಯದು: ಗ್ರಾನೈಟ್, ಕಂಚು, ಉದ್ಘಾಟನೆಯ ಶಾಮಿಯಾನ. ಕಾವಲುಗಾರನ ಸಂಬಳಕ್ಕೆ, ಚಾವಣಿ ಸೋರಿದರೆ ದುರಸ್ತಿಗೆ, ಕಡತಗಳಿಗೆ ಹುಳು ಹಿಡಿಯದಂತೆ ನೋಡಿಕೊಳ್ಳುವವನಿಗೆ ಅಲ್ಲಿ ಸ್ಥಾನವಿರುತ್ತಿರಲಿಲ್ಲ. ಬಂಡವಾಳ ವೆಚ್ಚಕ್ಕೆ ಮಂತ್ರಿಗಳು ದೊರೆಯುತ್ತಾರೆ, ಆವರ್ತಕ ವೆಚ್ಚಕ್ಕೆ ಗುಮಾಸ್ತನೂ ದೊರೆಯುವುದಿಲ್ಲ. ಹಾಲ್ಟನ್ನಿನ ವಿಷಯದಲ್ಲಿ ಹಣದ ಮೂಲ ಹುಡುಕಿಕೊಂಡು ಹೋಗಬೇಕಿಲ್ಲ. ಅದು ನೆಲದ ಬೆಲೆಯಲ್ಲೇ ಇದೆ. ಒಂದು ಲಕ್ಷ ಪೌಂಡಿನ ಆಸುಪಾಸಿನಲ್ಲಿ ಕೊಂಡ ಆಸ್ತಿಯ ಬೆಲೆ ನೂರು ವರ್ಷಗಳಲ್ಲಿ ಎಷ್ಟೋ ಪಟ್ಟು ಬೆಳೆದಿದೆ. ಮಾರಾಟದ ಹಣದಲ್ಲಿ ಒಂದು ಸಣ್ಣ ಅಂಶವನ್ನು ಶಾಶ್ವತ ನಿಧಿಯಾಗಿ ಕಟ್ಟಿ, ಅದರ ಬಡ್ಡಿಯಿಂದ ಕಾರ್ಯಾಗಾರವನ್ನೂ ದಾಖಲೆಗಳನ್ನೂ ನಡೆಸುವಂತೆ ಕರಾರಿನಲ್ಲೇ ಬರೆಯಬೇಕು. ನೆಲ ಕೈಬದಲಾಯಿಸಿದ ಮೇಲೆ ಹೊಸ ಒಡೆಯನ ಔದಾರ್ಯವನ್ನು ನಂಬಿಕೊಂಡರೆ ಕೈಗೆ ಬರುವುದು ಬೀದಿಯ ಹೆಸರೊಂದು ಮಾತ್ರ. ರಕ್ಷಣಾ ಸಚಿವಾಲಯ ಇದಕ್ಕೆ ಒಪ್ಪಲಾರದು, ಮಾರಾಟದ ಪೂರ್ಣ ಹಣ ಸೇನೆಯ ಉಳಿದ ನೆಲೆಗಳ ಸುಧಾರಣೆಗೆ ಬೇಕೆಂದು ವಾದಿಸುವುದು ಎಂಬ ಆಕ್ಷೇಪವಿದೆ. ಅದು ನ್ಯಾಯವಾದ ಬೇಡಿಕೆಯೇ. ಆದರೆ ಕುಶಲಕರ್ಮಿಯ ಗೌರವವನ್ನು ಕಾಪಾಡುವುದೂ ಸೇನೆಯ ಸುಧಾರಣೆಯ ಭಾಗವೇ. ತಂತ್ರಜ್ಞರು ಬೇಕೆಂದು ಜಾಹೀರಾತು ಕೊಡುವ ಸಂಸ್ಥೆ ತನ್ನ ಶ್ರೇಷ್ಠ ತಾಂತ್ರಿಕ ಶಾಲೆಯ ಕುರುಹನ್ನು ಅಳಿಸಿಹಾಕುವುದು ವಿವೇಕವಲ್ಲ.

ಇದನ್ನು ಬೆಂಗಳೂರಿನಲ್ಲಿ ಕೂತು ಬರೆಯುವಾಗ ಜಾಲಹಳ್ಳಿ ನೆನಪಾಗದಿರದು. ಸ್ವಾತಂತ್ರ್ಯದ ಬೆನ್ನಲ್ಲೇ ವಾಯುಪಡೆ ಅಲ್ಲಿ ತಾಂತ್ರಿಕ ಕಾಲೇಜನ್ನು ಸ್ಥಾಪಿಸಿತು, ಅದು ಇಂದಿಗೂ ನಡೆಯುತ್ತಿದೆ. ಅದರ ನೆರೆಯಲ್ಲೇ ಎದ್ದ ಎಚ್‌ಎಂಟಿ ಕಾರ್ಖಾನೆಗಳ ಕಥೆ ಬೇರೆ. 1961ರಲ್ಲಿ ಆರಂಭವಾದ ಗಡಿಯಾರ ಕಾರ್ಖಾನೆಯ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2024ರಲ್ಲಿ ಎಚ್‌ಎಂಟಿ ಭೂಮಿ ಅರಣ್ಯವೋ ಅಲ್ಲವೋ ಎಂಬ ವಿವಾದ ಪತ್ರಿಕೆಗಳ ಮುಖಪುಟ ತುಂ‌ಬಿತು. ಆ ಚರ್ಚೆಯಲ್ಲಿ ಎಕರೆಗಳಿದ್ದವು, ಕೋಟಿಗಳಿದ್ದವು. ಅಪ್ರೆಂಟಿಸ್‌ಗಳಾಗಿ ಅಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಲಿತು, ಆಮೇಲೆ ಪೀಣ್ಯದ ನೂರಾರು ಸಣ್ಣ ಕಾರ್ಖಾನೆಗಳಿಗೆ ಕೈಗಳನ್ನೂ ಯಜಮಾನರನ್ನೂ ಕೊಟ್ಟವರು ಇರಲಿಲ್ಲ. ಗಡಿಯಾರಗಳನ್ನು ತೋರಿಸುವ ಪಾರಂಪರಿಕ ಕೇಂದ್ರವೊಂದು ಜಾಲಹಳ್ಳಿಯಲ್ಲಿದೆ, ಸಂತೋಷ. ಅದು ಮುಖ್ಯವಾಗಿ ವಸ್ತುವಿನ ನೆನಪು, ಕಲಿಕೆಯದಲ್ಲ.

ಸೇನೆಯ ವಿಷಯದಲ್ಲಂತೂ ನಾವು ವಿರುದ್ಧ ದಿಕ್ಕಿಗೆ ಹೊರಟಿದ್ದೇವೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ತರಬೇತಿಯೂ ಸೇರಿ ನಾಲ್ಕು ವರ್ಷ. ಅನಂತರ ಉಳಿಯುವವರು ಶೇ 25ರವರೆಗೆ. ಪಿಂಚಣಿಯ ಹೊರೆ ಇಳಿಸುವ ಉದ್ದೇಶ ಅರ್ಥವಾಗುತ್ತದೆ, ಆ ಹೊರೆಯ ಲೆಕ್ಕಗಳನ್ನು ನಾನೂ ನೋಡಿದವನೇ. ಆದರೆ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೈಗೆ ನಾಲ್ಕು ವರ್ಷದ ಒಪ್ಪಂದ ಏನು ಕಲಿಸುತ್ತದೆ, ಕಲಿಸಿದ್ದನ್ನು ಸೇನೆ ಎಷ್ಟು ದಿನ ಬಳಸಿಕೊಳ್ಳುತ್ತದೆ ಎಂಬ ಸರಳ ಗಣಿತವನ್ನು ಟ್ರೆಂಚರ್ಡ್ 1919ರಲ್ಲೇ ಮಾಡಿದ್ದ, ಮಾಡಿ ಬೇರೆ ಉತ್ತರಕ್ಕೆ ಬಂದಿದ್ದ. ಹಾಲ್ಟನ್ನಿನಲ್ಲಿ ಸ್ಮಾರಕ ಸರಿಯಾಗಿ ರೂಪುಗೊಂಡರೆ ಆ ಲೆಕ್ಕದ ಹಾಳೆಗಳು ಅಲ್ಲಿ ನೋಡಲು ದೊರೆಯಬೇಕು. ನೆಲೆ ತೆರವಾಗುವ ಮೊದಲು ಆ ಕಾಗದಪತ್ರಗಳನ್ನೂ ಕಾರ್ಯಾಗಾರದ ಬೆಂಚುಗಳನ್ನೂ ಪಟ್ಟಿ ಮಾಡುವ ಕೆಲಸಕ್ಕೆ ಒಬ್ಬ ಅಭಿಲೇಖಪಾಲನನ್ನು ನೇಮಿಸಬೇಕು. ಶಿಲ್ಪಿಯ ಆಯ್ಕೆ ಆಮೇಲಾಗಲಿ.